ಬಣ್ಣದ ಮೇಷ್ಟ್ರು ಹಿಂದಕ್ಕೆ ಹಾಕಿದ ಐದು ಕರು

ಕರುಗಳ ಹರಾಜು ನಡೆಯುವ ಆ ಅಂಗಳದಲ್ಲಿ ಅವರ ನಿಜವಾದ ಹೆಸರು ಹಿಡಿದು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಬಣ್ಣದ ಮೇಷ್ಟ್ರು ಎಲ್ಲಿ ಎಂದು ಕೇಳಿ ನೋಡಿ, ತೂಕದ ಕಟ್ಟೆಯವನಿಂದ ಹಿಡಿದು ಚಹಾದ ಅಂಗಡಿಯವಳವರೆಗೆ ಎಲ್ಲರೂ ಒಂದೇ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ, ನಾಲ್ಕು ಗೇಟುಗಳು ಕೂಡುವ ಜಾಗದಲ್ಲಿ, ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು, ಕೈಯಲ್ಲೊಂದು ತೆಳ್ಳನೆಯ ಕೋಲು ಹಿಡಿದು ನಿಂತ ಗಿಡ್ಡ ಆಸಾಮಿಯೇ ಬಣ್ಣದ ಮೇಷ್ಟ್ರು. ಹಾಗೆಂದು ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸ್ವತಃ ಏಳನೇ ತರಗತಿ ಪಾಸಾದದ್ದೇ ಎರಡನೇ ಸಲಕ್ಕೆ. ಆದರೆ ಕರುಗಳ ಬಣ್ಣದ ವಿಷಯ ಬಂದರೆ ಅವರು ಹೇಳಿದ್ದೇ ಪಾಠ, ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಕೇಳುವ ಮಕ್ಕಳು.

ಕೆಲಸ ನೋಡಲು ಸುಲಭ. ಎರಡು ಗೋಡೆಗಳ ನಡುವಿನ ಕಿರಿದಾದ ಓಣಿಯಿಂದ ಒಂದೊಂದೇ ಕರು ಓಡಿ ಬರುತ್ತದೆ. ಅದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತಳಿ, ಬಣ್ಣ, ಎಲುಬು, ಕೊಂಬು ಎಲ್ಲವನ್ನೂ ನೋಡಿ ಒಂದೇ ಒಂದು ಮಾತು ಹೇಳಬೇಕು. "ಎಡ" ಎಂದರೆ ಕರಿಯ ಕರುಗಳ ದೊಡ್ಡಿ. "ಬಲ" ಎಂದರೆ ಕೆಂದು ಬಣ್ಣದವು. "ನೇರ" ಎಂದರೆ ಹೊಗೆಬಣ್ಣದವು, ಅಂದರೆ ಬಿಳಿ ಹೋರಿಗೂ ಕರಿ ಹಸುವಿಗೂ ಹುಟ್ಟಿ, ಎರಡರ ಬಣ್ಣವನ್ನೂ ಅರ್ಧರ್ಧ ಹಂಚಿಕೊಂಡವು. "ಹಿಂದೆ" ಎಂದರೆ ಯಾವುದಕ್ಕೂ ಹೊಂದದವು: ಮೈತುಂಬ ಮಚ್ಚೆಯವು, ಕೊಂಬು ಮೂಡಿದವು, ಹಾಲಿನ ತಳಿಯ ಬಡಕಲು ಎಲುಬಿನವು, ಕುಂಟುವವು. ಅವರು ಮಾತು ಮುಗಿಸುವ ಮೊದಲೇ ಚಿಲಕ ಎಂಬ ಅಡ್ಡಹೆಸರಿನ ಗೇಟಿನವನು ಆ ಗೇಟು ಎಳೆದಿರುತ್ತಾನೆ. ಇಬ್ಬರೂ ಸೇರಿ ಇಪ್ಪತ್ತಾರು ವರ್ಷವಾಯಿತು. ಕೆಲಸದ ಹೊತ್ತಿನಲ್ಲಿ ಚಿಲಕ ಅವರಿಗೆ ಎದುರು ಮಾತಾಡಿದ ದಾಖಲೆ ಇಲ್ಲ.

ಈ ವಿಂಗಡಣೆ ಯಾಕೆ ಅಷ್ಟು ದೊಡ್ಡ ಸಂಗತಿ ಎಂದರೆ, ಒಂದೊಂದು ದೊಡ್ಡಿಯಲ್ಲಿ ಹತ್ತಾರು ಮನೆಯ ಕರುಗಳು ಬೆರೆತಿರುತ್ತವೆ. ಸವಾಲು ನಡೆಯುವುದು ಇಡೀ ದೊಡ್ಡಿಗೆ, ಕಿಲೋ ಲೆಕ್ಕದಲ್ಲಿ. ಬಂದ ದರ ಆ ದೊಡ್ಡಿಗೆ ಕರು ಕೊಟ್ಟ ಎಲ್ಲರಿಗೂ ಒಂದೇ. ಒಂದು ಅಡ್ಡಾದಿಡ್ಡಿ ಕರು ಸೇರಿಕೊಂಡರೆ ಹತ್ತು ಮನೆಯವರ ದರ ಇಳಿಯುತ್ತದೆ. ಕೊಳ್ಳುವವರಿಗೆ ಅಚ್ಚು ಹಾಕಿದ ಹಾಗೆ ಒಂದೇ ತೆರನ ಕರುಗಳು ಬೇಕು. ಒಟ್ಟಿಗೆ ಮೇಯಿಸಬೇಕು, ಒಟ್ಟಿಗೆ ಬಲಿಸಬೇಕು, ಒಟ್ಟಿಗೆ ಮಾರಬೇಕು. ಅದರಲ್ಲೂ ಮೈ ಕಪ್ಪಗಿದ್ದರೆ ಅದು ಮಾಂಸಕ್ಕೆ ಹೆಸರಾದ ಕರಿ ತಳಿಯದ್ದೇ ಎಂಬ ನಂಬಿಕೆಯಲ್ಲಿ ಹೆಚ್ಚು ಕೊಟ್ಟು ಒಯ್ಯುತ್ತಾರೆ. ಹಾಲಿನ ತಳಿಯಲ್ಲೂ ಕಪ್ಪು ಮೈಯವು ಬೇಕಾದಷ್ಟು ಹುಟ್ಟುತ್ತವೆ, ಅಂಥವನ್ನು ಸೊಂಟದ ಎಲುಬು ನೋಡಿ ಬೇರೆ ಮಾಡುವುದರಲ್ಲಿ ಮೇಷ್ಟ್ರದು ಎತ್ತಿದ ಕೈ. ಬಣ್ಣದ ಈ ಹುಚ್ಚಾಟ ನೋಡಿ ಅವರಿಗೇ ಎಷ್ಟೋ ಸಲ ನಗು ಬರುತ್ತದೆ. ಪಾಪದ ಕರುವಿಗೆ ತನ್ನ ಬಣ್ಣ ಯಾವುದೆಂದೇ ಗೊತ್ತಿಲ್ಲ, ತಿಂದ ಹುಲ್ಲೂ ಚರ್ಮದ ಬಣ್ಣ ಕೇಳಿಕೊಂಡು ಮೈಗೆ ಹತ್ತುವುದಿಲ್ಲ. ಆದರೆ ಕೊಳ್ಳುವವನ ಕಣ್ಣಿಗೆ ಬುದ್ಧಿ ಹೇಳುವವರು ಯಾರು?

ಮನೆಯಲ್ಲೂ ಈ ರೋಗ ಬಿಟ್ಟಿರಲಿಲ್ಲ. ಒಗೆದ ಬಟ್ಟೆ ಹರವುವಾಗ ಕಪ್ಪಿನವೆಲ್ಲ ತಂತಿಯ ಈ ತುದಿಗೆ, ಕೆಂಪಿನವು ಆ ತುದಿಗೆ. "ನಿಮ್ಮ ಲಂಗೋಟಿಗೆ ಯಾರೂ ಸವಾಲು ಕೂಗಲ್ಲ, ಸುಮ್ನೆ ಹಾಕಿ ಬನ್ನಿ" ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದರು.

ಅವರಿಗೆ ಈ ಕೆಲಸ ಸೋದರಮಾವನಿಂದ ಬಂದದ್ದು. ಮಾವ ಬಹಳ ಚುರುಕು ಕಣ್ಣಿನವನು. ಒಂದು ಸಲ ಆಸೆಗೆ ಬಿದ್ದು ತನ್ನ ಮನೆಯದೇ ಒಂದು ಮಚ್ಚೆ ಕರುವಿಗೆ ಮಸಿ ಬಳಿದು ಕರಿಯ ದೊಡ್ಡಿಗೆ ಬಿಟ್ಟ. ಮರುದಿನ ಮಳೆ ಬಂತು. ಕೊಂಡವನು ಇಡೀ ದೊಡ್ಡಿಯ ಕರುಗಳನ್ನು ಲಾರಿಗೆ ತುಂಬಿಸಿಕೊಂಡು ವಾಪಸು ಬಂದ, ಹತ್ತು ಮನೆಯವರು ಮಾವನ ಮನೆ ಬಾಗಿಲಿಗೆ ಬಂದು ನಿಂತರು. ಆಮೇಲೆ ಮಾವ ಬದುಕಿದ್ದಷ್ಟು ದಿನವೂ ಅಂಗಡಿಗೆ ಹೋದರೆ ಜನ ಅವನ ಕಡೆಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಆಗಿನ್ನೂ ಓಣಿ ತೊಳೆಯುವ ಕೆಲಸದಲ್ಲಿದ್ದ ಮೇಷ್ಟ್ರು ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. ಮಾವನ ಜಾಗಕ್ಕೆ ಬಂದು ನಿಂತ ದಿನವೇ, ನಮ್ಮವರು ಪರರು ಎಂಬ ಮಾತು ಈ ಗೇಟಿನ ಹತ್ತಿರ ಸುಳಿಯಬಾರದು ಎಂದು ಗಟ್ಟಿ ಮಾಡಿಕೊಂಡರು. ಅಲ್ಲಿಂದ ಇಲ್ಲಿಯವರೆಗೆ ಅವರ ಮೇಲೆ ಯಾರೂ ಬೊಟ್ಟು ಮಾಡಿರಲಿಲ್ಲ. ಅದೊಂದು ಹೆಮ್ಮೆ ಅವರಿಗೆ ಊಟಕ್ಕಿಂತ ಹೆಚ್ಚು ರುಚಿಸುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಮದುವೆಯಾದ ಮನೆಯಲ್ಲೂ ದನಕರುಗಳೇ. ಅಳಿಯ ಯಂತ್ರಗಳ ರಿಪೇರಿಗೆ ಊರೂರು ತಿರುಗುವವನು, ಹಾಗಾಗಿ ಕೊಟ್ಟಿಗೆಯೆಲ್ಲ ಮಗಳ ಮೇಲೆ, ಮಗಳ ಮೇಲೆ ಅವಳ ಅತ್ತೆ. ಮೂರು ವರ್ಷದ ಹಿಂದೆ ಮಗಳು ಎಲ್ಲರ ಮಾತು ಮೀರಿ, ಕರಿ ಹೋರಿಯನ್ನು ಕೊಟ್ಟು ಒಂದು ಬಿಳಿ ಹೋರಿ ತಂದಳು.

"ಕರಿ ಹೋರಿ ಇದ್ರೆ ಯಾರೂ ಏನೂ ಕೇಳಲ್ಲ ಕಣಮ್ಮ. ಕರುಗಳು ಕಣ್ಣು ಮುಚ್ಚಿ ಎಡಕ್ಕೆ ಹೋಗುತ್ವೆ," ಎಂದು ಮೇಷ್ಟ್ರು ಆಗಲೇ ಹೇಳಿದ್ದರು.

"ಬಣ್ಣಕ್ಕೆ ಸ್ವಲ್ಪ ಕಮ್ಮಿ ಕೊಡಲಿ ಅಪ್ಪ, ತೂಕ ನೋಡು. ಇದರ ಕರು ಹೇಗೆ ಮೈ ತುಂಬಿಕೊಳ್ಳುತ್ತೆ ಅಂತ ನಾನು ಮೂರು ಕೊಟ್ಟಿಗೆ ಸುತ್ತಿ ನೋಡಿ ಬಂದಿದೀನಿ," ಎಂದಿದ್ದಳು ಮಗಳು.

ಅವಳ ಅತ್ತೆ ಆ ಹೋರಿಗೆ ಸುಣ್ಣದ ಗೋಡೆ ಎಂದು ಹೆಸರಿಟ್ಟು, ದಿನಕ್ಕೆರಡು ಸಲ ಅದರ ಮುಂದೆ ನಿಂತು ಮೂಗು ಮುರಿಯುತ್ತಿದ್ದರು. ಈ ವರ್ಷ ಅದರ ಮೊದಲ ಕರುಗಳು ಮಾರಾಟಕ್ಕೆ ಬಂದವು. ಹರಾಜಿಗೆ ಒಂದು ವಾರ ಇರುವಾಗ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಇವಕ್ಕೆ ಒಳ್ಳೆಯ ದರ ಬಂದರೆ ಕೊಟ್ಟಿಗೆ ನಿನ್ನ ಇಷ್ಟದಂತೆ ನಡೆಸು, ಬರದಿದ್ದರೆ ಬರುವ ವಾರವೇ ಹೋರಿಯನ್ನು ಮಾರಿ ಹಳೆಯ ದಾರಿ ಹಿಡಿ. ಮಗಳು ಒಪ್ಪಿಕೊಂಡಳು. ಇದನ್ನು ಅವಳು ಅಪ್ಪನಿಗೆ ಹೇಳಲಿಲ್ಲ. ಅಮ್ಮನಿಗೆ ಹೇಳಿದಳು, ಅಮ್ಮನ ಬಾಯಲ್ಲಿ ಅದು ನಿಲ್ಲಲಿಲ್ಲ.

ಹರಾಜಿನ ದಿನ ಬೆಳಗ್ಗೆ ಮೇಷ್ಟ್ರು ಎಂದಿನಂತೆ ಗೇಟಿನ ಹತ್ತಿರ ನಿಂತರು. ಯಾವ ಕರು ಯಾರದು ಎಂದು ಅವರಿಗೆ ಗೊತ್ತಾಗಬಾರದೆಂದು ಬೆನ್ನಿನ ಮೇಲೆ ಬರೀ ನಂಬರಿನ ಚೀಟಿ ಅಂಟಿಸಿರುತ್ತಾರೆ. ಎಡ, ಎಡ, ಬಲ, ಎಡ, ಹಿಂದೆ, ಬಲ. ಕೆಲಸ ನೀರು ಹರಿದ ಹಾಗೆ ಸಾಗಿತ್ತು. ಸುಮಾರು ನೂರು ಕರು ದಾಟಿದ ಮೇಲೆ ಓಣಿಯಿಂದ ಹೊಗೆಬಣ್ಣದ ಒಂದು ಕರು ಹೊರಬಂತು. ಅಗಲವಾದ ಬೆನ್ನು, ತುಂಬಿದ ತೊಡೆ, ನೀಟಾದ ಕಾಲು, ಎಡಗಿವಿಯ ತುದಿ ಮಾತ್ರ ಒಂದಿಷ್ಟು ಮಡಿಚಿದ್ದು. ಆ ಕಿವಿ ಅವರಿಗೆ ಗೊತ್ತು. ಮಗಳ ಕೊಟ್ಟಿಗೆಯಲ್ಲಿ ಆ ಕರು ಹುಟ್ಟಿದಾಗ ಅವರೇ ಮುಂದೆ ನಿಂತು ಅದರ ಮೂಗು ಒರೆಸಿದ್ದರು.

ಕಳೆದ ವರ್ಷಗಳಲ್ಲೂ ಮಗಳ ಕರು ಬಂದಿದ್ದವು. ಆದರೆ ಅವು ಕರಿಯವು, ಯೋಚಿಸುವ ಪ್ರಮೇಯವೇ ಇರಲಿಲ್ಲ. ಹೊಗೆಬಣ್ಣದ ಕಥೆ ಬೇರೆ. ಬಣ್ಣ ಒಂದೇ ಸಮ ಇದ್ದು ಮೈ ತುಂಬಿದ್ದರೆ ನೇರಕ್ಕೆ, ಮಾಸಲು ಮಾಸಲಾಗಿದ್ದರೆ ಹಿಂದಕ್ಕೆ. ಸಮ ಎಷ್ಟು, ಮಾಸಲು ಎಷ್ಟು ಎನ್ನುವುದು ಅವರ ಕಣ್ಣಿಗೆ ಬಿಟ್ಟದ್ದು. ನಾಳೆ ಯಾರಾದರೂ, ಮಗಳ ಕರು ಅಂತ ನೇರಕ್ಕೆ ಬಿಟ್ಟ ಎಂದುಬಿಟ್ಟರೆ? ಮಾವನ ಹಾಗೆ ಎಂದುಬಿಟ್ಟರೆ?

"ಹಿಂದೆ," ಎಂದರು ಮೇಷ್ಟ್ರು.

ಗೇಟು ತೆರೆಯಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಚಿಲಕ ತಿರುಗಿ ಅವರ ಮುಖ ನೋಡಿದ. "ಹಿಂದೇನಾ?"

"ಹಿಂದೆ ಅಂದ್ನಲ್ಲ, ಕಿವಿ ಕೇಳಲ್ವಾ?"

ಅದರ ಬೆನ್ನಿಗೇ ಅದೇ ಮೈಕಟ್ಟಿನ ಇನ್ನೂ ನಾಲ್ಕು ಬಂದವು. ನಾಲ್ಕೂ ಹಿಂದಕ್ಕೆ ಹೋದವು. ಒಂದು ಕುಂಟು ಕರು, ಮೂರು ಮಚ್ಚೆಯವು, ಬೆನ್ನೆಲುಬು ಎಣಿಸುವಂತಿದ್ದ ಒಂದು ಹಾಲಿನ ತಳಿಯ ಕರು ಇವುಗಳ ನಡುವೆ ಆ ಐದೂ ತಪ್ಪಿ ಬಂದ ನೆಂಟರ ಹಾಗೆ ನಿಂತವು. ಮೇಷ್ಟ್ರು ಮುಂದಿನ ಕರು ನೋಡಿದರು. ಮನಸ್ಸಿಗೆ ಒಂಥರಾ ಸಮಾಧಾನವೇ ಆಗಿತ್ತು, ತಾನು ಯಾರಿಗೂ ಬಗ್ಗದವನು ಎಂಬ ಹಳೆಯ ಸಮಾಧಾನ.

ವಿಂಗಡಣೆ ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆ. ದೊಡ್ಡಿಗಳ ಮೇಲೆ ಹಲಗೆಯ ಕಾಲುದಾರಿ ಇದೆ, ಕೊಳ್ಳುವವರೂ ಮಾರುವವರೂ ಅದರ ಮೇಲೆ ಓಡಾಡಿ ಕರುಗಳನ್ನು ನೋಡುತ್ತಾರೆ. ಚಹಾ ಕುಡಿಯಲು ಹೊರಟ ಮೇಷ್ಟ್ರಿಗೆ ಹಿಂದಿನ ದೊಡ್ಡಿಯ ಮೇಲೆ ಮೀಸೆ ವ್ಯಾಪಾರಿ ಕಂಡ. ಹೀಗೆ ಹಿಂದಕ್ಕೆ ಬಿದ್ದ ಬಿಡಿ ಕರುಗಳನ್ನು ಅಗ್ಗಕ್ಕೆ ಹೊಡೆದುಕೊಂಡು ಹೋಗುವುದರಲ್ಲಿ ನಿಸ್ಸೀಮ. ಐದು ಕರುಗಳನ್ನು ನೋಡುತ್ತ, ಒಳಗಿನ ಖುಷಿ ಯಾರಿಗೂ ಕಾಣಬಾರದೆಂದು ಮುಖವನ್ನು ಆದಷ್ಟು ಬೇಸರ ಮಾಡಿಕೊಂಡು ನಿಂತಿದ್ದ. ಅವನ ಮೀಸೆಯ ತುದಿ ಮಾತ್ರ ನಗುತ್ತಿತ್ತು. ಅಲ್ಲಿಗೆ ಮೇಷ್ಟ್ರ ಸಮಾಧಾನದ ಅರ್ಧ ಕರಗಿಹೋಯಿತು.

ಚಹಾದ ಅಂಗಡಿಯ ಪಕ್ಕದ ಬೆಂಚಿನ ಮೇಲೆ ಮಗಳೂ ಅವಳ ಅತ್ತೆಯೂ ಈ ಕಡೆ ಬೆನ್ನು ಮಾಡಿ ಕುಳಿತಿದ್ದರು. ಮೇಷ್ಟ್ರು ಗ್ಲಾಸು ಹಿಡಿದು ಕಂಬದ ಆಚೆ ನಿಂತರು. ಬೀಗಿತ್ತಿಯ ದನಿ ಪಿಸುಮಾತಿಗೆ ಹೇಳಿ ಮಾಡಿಸಿದ್ದಲ್ಲ, ನಾಲ್ಕು ಜನರಿಗೆ ಕೇಳುವಂತೆಯೇ ಇತ್ತು.

"ನೋಡಿದ್ಯಾ? ನಾನು ಹೇಳಿದ್ರೆ ಮುದುಕಿ ಗೊಣಗ್ತಾಳೆ ಅಂತಿದ್ದೆ. ಈಗ ನಿಮ್ಮಪ್ಪನೇ ಹಿಂದಕ್ಕೆ ತಳ್ಳಿದಾರಲ್ಲ, ಈಗೇನಂತೀಯ? ಬಣ್ಣದ ಮೇಷ್ಟ್ರಿಗಿಂತ ನಿನಗೆ ಜಾಸ್ತಿ ಗೊತ್ತಾ?"

ಮಗಳು ಈಗ ರೇಗುತ್ತಾಳೆ, ಅಪ್ಪನಿಗೆ ಕಣ್ಣು ಮಂಜಾಗಿದೆ ಎನ್ನುತ್ತಾಳೆ ಎಂದು ಮೇಷ್ಟ್ರು ಕಾದರು. ಹಾಗೆ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇಲ್ಲ ಅತ್ತೆ," ಎಂದಳು ಮಗಳು. ದನಿ ತಣ್ಣಗಿತ್ತು. "ಅಪ್ಪ ಹಿಂದಕ್ಕೆ ಹಾಕಿದಾನೆ ಅಂದ್ರೆ ಅವು ಹಿಂದಿನವೇ. ನನಗೇ ಕಾಣಿಸಲಿಲ್ಲ. ಮನೇಲಿ ನೋಡ್ತಾ ನೋಡ್ತಾ ಚೆನ್ನಾಗಿವೆ ಅಂತ ಅನ್ನಿಸಿಬಿಟ್ಟಿತ್ತು. ಬರೋ ವಾರ ಹೋರಿ ಮಾರೋಣ."

ಇಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ಬೀಗಿತ್ತಿಯೂ ಅಂದುಕೊಂಡಿರಲಿಲ್ಲ. "ಹೋಗ್ಲಿ ಬಿಡು, ಚಹಾ ಕುಡಿ, ಆರುತ್ತೆ," ಎಂದರು ಮೆತ್ತಗೆ.

ಮೇಷ್ಟ್ರಿಗೆ ಕೈಯಲ್ಲಿದ್ದ ಚಹಾ ಕುಡಿಯಲು ಆಗಲಿಲ್ಲ. ಗ್ಲಾಸನ್ನು ಹಾಗೇ ಕಟ್ಟೆಯ ಮೇಲಿಟ್ಟು ಹಿಂದಿನ ದೊಡ್ಡಿಯ ಮೇಲಿನ ಹಲಗೆಗೆ ಹೋಗಿ ನಿಂತರು. ಈ ಸಲ ಮಗಳನ್ನು ಮರೆತು ನೋಡಿದರು. ಐದೂ ಒಂದೇ ಬಣ್ಣ, ಒಂದೇ ಎತ್ತರ. ಮಾಸಲು ಎಂದು ಹೇಳಲು ಒಂದು ಬೆರಳಗಲದ ಜಾಗವೂ ಇಲ್ಲ. ನೇರದ ದೊಡ್ಡಿಯಲ್ಲಿ ಹೊಗೆಬಣ್ಣದವು ಇಪ್ಪತ್ತೊಂದು ಇದ್ದವು, ಆ ಇಪ್ಪತ್ತೊಂದರಲ್ಲಿ ಇವನ್ನು ಮೀರಿಸುವಂಥದು ಒಂದೂ ಇರಲಿಲ್ಲ. ಇವು ಅಲ್ಲಿರಬೇಕಿತ್ತು. ಇದ್ದಿದ್ದರೆ ಆ ದೊಡ್ಡಿಯ ಆರು ಮನೆಯವರಿಗೂ ದರ ಏರುತ್ತಿತ್ತು. ತಾನು ಮಾಡಿದ್ದು ಮಾವ ಮಾಡಿದಷ್ಟೇ ಖೋಟಾ ಕೆಲಸ, ಮಸಿ ಬಳಿಯುವ ಬದಲು ಇದ್ದ ಬಣ್ಣವನ್ನೇ ಒರೆಸಿದ್ದೇನೆ ಅಷ್ಟೇ ಎಂದು ಅವರಿಗೆ ಹೊಳೆಯಿತು. ಬಹಳ ನಾಚಿಕೆಯಾಯಿತು.

ತಪ್ಪು ತಿದ್ದಲು ದಾರಿ ಇತ್ತು. ಸವಾಲು ಮುಗಿಯುವ ಮೊದಲು ವಿಂಗಡಿಸಿದವನೇ ಬಂದು ಹೇಳಿದರೆ ಕರುವನ್ನು ಬದಲಾಯಿಸಬಹುದು. ಮೇಷ್ಟ್ರು ಆ ದಾರಿಯನ್ನು ಒಂದು ಸಲವೂ ಹಿಡಿದವರಲ್ಲ, ಹಿಡಿಯುವ ಪ್ರಸಂಗ ಬಂದಿರಲಿಲ್ಲ. ಈಗ ಹಿಡಿದರೆ ಇಡೀ ಅಂಗಳದ ಮುಂದೆ ನಿಂತು, ನಾನು ತಪ್ಪಿದೆ, ಮಗಳ ಕರುವನ್ನು ಒಳ್ಳೆಯ ದೊಡ್ಡಿಗೆ ಹಾಕಿ ಎನ್ನಬೇಕು. ಯಾವ ಮಾತಿಗೆ ಇಪ್ಪತ್ತಾರು ವರ್ಷ ಹೆದರಿದ್ದರೋ ಆ ಮಾತನ್ನು ತಾವೇ ಕರೆದು ಮೈಮೇಲೆ ಹಾಕಿಕೊಳ್ಳಬೇಕು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಗಳಿಗೂ ಗೊತ್ತಾಗುವುದಿಲ್ಲ. ಅವಳು ಹೋರಿ ಮಾರುತ್ತಾಳೆ, ತನ್ನ ಕಣ್ಣನ್ನು ತಾನು ನಂಬುವುದು ಬಿಡುತ್ತಾಳೆ, ಅಪ್ಪನನ್ನು ಮಾತ್ರ ಇನ್ನೂ ಹೆಚ್ಚು ನಂಬುತ್ತಾಳೆ.

ಹರಾಜು ಶುರುವಾಯಿತು. ದುಂಡನೆಯ ಕಣದ ಸುತ್ತ ಮೆಟ್ಟಿಲುಗಳ ಮೇಲೆ ಜನ. ಸವಾಲು ಕೂಗುವವನು ಎತ್ತರದ ಕಟ್ಟೆಯ ಮೇಲೆ ಮೈಕು ಹಿಡಿದು ಕೂತ. ಕರಿಯ ಕರುಗಳು ಎಂದಿನಂತೆ ಮೇಲಿನ ದರಕ್ಕೆ ಹೋದವು. ಕೆಂದು ಬಣ್ಣದವು ಅದಕ್ಕಿಂತ ಕೆಳಗೆ. ಹೊಗೆಬಣ್ಣದವು ಕಣಕ್ಕೆ ಬಂದವು, ಕೂಗುವವನು ಗಂಟಲು ಸರಿಮಾಡಿಕೊಂಡ.

"ಸ್ವಲ್ಪ ನಿಲ್ಸಿ," ಎಂದರು ಮೇಷ್ಟ್ರು. ಯಾರಿಗೂ ಕೇಳಲಿಲ್ಲ. ಕಣದ ಕಂಬಿಯ ಹತ್ತಿರ ಬಂದು ಕೋಲು ಎತ್ತಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. "ನಿಲ್ಸಿ. ಈ ದೊಡ್ಡಿಗೆ ಇನ್ನೂ ಐದು ಕರು ಬರಬೇಕು. ಬೆಳಗ್ಗೆ ನಾನು ತಪ್ಪಾಗಿ ಹಿಂದಕ್ಕೆ ಹಾಕಿದೀನಿ."

ಮೆಟ್ಟಿಲ ಮೇಲಿದ್ದವರೆಲ್ಲ ಈ ಕಡೆ ಕತ್ತು ಚಾಚಿದರು. ಮೇಷ್ಟ್ರ ತಪ್ಪು ಎಂಬುದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ.

"ಯಾರ ಕರು ಮೇಷ್ಟ್ರೇ?" ಎಂದ ಕೂಗುವವನು. ಮೈಕಿನಲ್ಲಿಯೇ ಕೇಳಿದ್ದರಿಂದ ಬೀದಿಗೂ ಕೇಳಿಸಿತು.

ಮೇಷ್ಟ್ರು ಎತ್ತಿದ್ದ ಕೋಲನ್ನು ಕೆಳಗಿಳಿಸಿದರು. "ನನ್ನ ಮಗಳವು."

ಮೊದಲು ಒಬ್ಬ ನಕ್ಕ. ಆಮೇಲೆ ಮೆಟ್ಟಿಲು ಮೆಟ್ಟಿಲೂ ನಕ್ಕಿತು. ಮೀಸೆ ವ್ಯಾಪಾರಿ ಎದ್ದು ನಿಂತ. ಕೈಗೆ ಬಂದದ್ದು ಜಾರುತ್ತಿದೆಯಲ್ಲ, ಅವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? "ಏನ್ ಮೇಷ್ಟ್ರೇ, ಇಷ್ಟು ವರ್ಷ ಆದ್ಮೇಲೆ ಮಗಳು ನೆನಪಾದ್ಲಾ?"

"ಬೆಳಗ್ಗೇನೇ ನೆನಪಾದ್ಲು. ಅದೇ ಆಗಿದ್ದು," ಎಂದರು ಮೇಷ್ಟ್ರು. "ಅವಳವು ಅಂತ ಗೊತ್ತಾಯ್ತು, ಅದಕ್ಕೇ ಹಿಂದಕ್ಕೆ ಹಾಕಿದೆ. ನೀವೆಲ್ಲ ಏನಂತೀರೋ ಅಂತ ಹೆದರಿದೆ. ಬೇರೆ ಯಾರದ್ದಾಗಿದ್ರೂ ಕಣ್ಣು ಮುಚ್ಚಿ ನೇರಕ್ಕೆ ಬಿಡ್ತಿದ್ದೆ. ನನ್ನ ಮಾತು ನಂಬಬೇಡಿ. ಕರು ತರಿಸಿ, ನೀವೇ ನೋಡಿ, ಬೇಡ ಅನ್ನಿಸಿದ್ರೆ ವಾಪಸು ಕಳ್ಸಿ."

ಗೇಟಿನ ಹತ್ತಿರದಿಂದ ಯಾರೂ ನಿರೀಕ್ಷಿಸದ ಒಂದು ದನಿ ಬಂತು. "ನಾನು ಆಗ್ಲೇ ಕೇಳಿದ್ದೆ," ಎಂದ ಚಿಲಕ. "ಬೈಸ್ಕೊಂಡೆ."

ಈ ಸಲದ ನಗು ಬೇರೆ ಥರದ್ದು. ಕೂಗುವವನು ಕೈ ಬೀಸಿದ, ಐದು ಕರುಗಳು ಕಣಕ್ಕೆ ಬಂದು ಇಪ್ಪತ್ತೊಂದರ ಜೊತೆ ಬೆರೆತವು. ಒಂದು ಸುತ್ತು ತಿರುಗುವುದರೊಳಗೆ ಯಾವುದು ಹೊಸತು ಯಾವುದು ಹಳತು ಎಂದು ಬೆನ್ನಿನ ಚೀಟಿ ನೋಡಿಯೇ ಹೇಳಬೇಕಿತ್ತು. ಬೇಡ ಎಂದು ಯಾರೂ ಅನ್ನಲಿಲ್ಲ. ಸವಾಲು ನಡೆಯಿತು. ಮೊದಲ ಕೂಗು ಹಾಕಿದವನು ಮೀಸೆ ವ್ಯಾಪಾರಿಯೇ. ದರ ಕೆಂದು ಬಣ್ಣದವನ್ನು ದಾಟಿ, ಕರಿಯ ದೊಡ್ಡಿಯ ದರಕ್ಕೆ ಇನ್ನೇನು ಮುಟ್ಟಿತು ಎನ್ನುವಲ್ಲಿ ನಿಂತಿತು. ತೂಕ ಸೇರಿಸಿದರೆ ಕರಿಯ ಕರುವಿಗಿಂತ ಒಂದು ಕೈ ಮೇಲೇ. ಬೀಗಿತ್ತಿ ಬೆರಳು ಮಡಿಚಿ ಲೆಕ್ಕ ಹಾಕಿ, ಇನ್ನೊಮ್ಮೆ ಹಾಕಿ, "ಇರ್ಲಿ, ಸುಣ್ಣದ ಗೋಡೆ ಇನ್ನಷ್ಟು ದಿನ ನಿಂತಿರ್ಲಿ," ಎಂದರು.

ಎಲ್ಲರೂ ಮೆಚ್ಚಿಕೊಂಡರು ಎಂದೇನಲ್ಲ. ಇದೆಲ್ಲ ನಾಟಕ, ಮೊದಲೇ ಅಪ್ಪ ಮಗಳು ಮಾತಾಡಿಕೊಂಡಿದ್ದರು ಎಂದು ಇಬ್ಬರು ಮೂವರು ಹೋಗುತ್ತ ಹೋಗುತ್ತ ಹೇಳಿದ್ದು ಮೇಷ್ಟ್ರ ಕಿವಿಗೂ ಬಿತ್ತು. ಅಂಗಳದ ಯಜಮಾನ ಕರೆದು, ಮುಂದಿನ ಸಲದಿಂದ ನಿಮ್ಮ ಜೊತೆ ಇನ್ನೊಬ್ಬರನ್ನು ನಿಲ್ಲಿಸುತ್ತೇನೆ ಎಂದ. ಮೇಷ್ಟ್ರು ಆಗಲಿ ಎಂದರು. ನೋವಾಯಿತು, ಸುಳ್ಳು ಯಾಕೆ. ಆದರೆ ಅಲ್ಲಿಯವರೆಗೆ ಎದೆಯಲ್ಲಿ ಕೂತಿದ್ದ ಭಾರಕ್ಕಿಂತ ಆ ನೋವು ಹಗುರವಾಗಿತ್ತು.

ಸಂಜೆ ನಾಲ್ಕರ ಹೊತ್ತಿಗೆ ಲಾರಿಗಳು ಹೊರಟುಹೋಗಿ ಅಂಗಳ ಖಾಲಿಯಾಯಿತು. ಮಗಳು ತನ್ನ ಟೆಂಪೋ ಹಿಂಭಾಗದ ಸಗಣಿಯನ್ನು ಪೈಪು ಹಿಡಿದು ತೊಳೆಯುತ್ತಿದ್ದಳು. ಬೀಗಿತ್ತಿ ಮುಂದಿನ ಸೀಟಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಮೇಷ್ಟ್ರು ಹೋಗಿ ಪಕ್ಕದಲ್ಲಿ ನಿಂತರು. ಮಗಳು ತಿರುಗಲಿಲ್ಲ.

"ಸಿಟ್ಟಾ?" ಎಂದರು.

"ಬೆಳಗ್ಗೆ ಹಿಂದಿನ ದೊಡ್ಡೀಲಿ ನನ್ನ ಕರು ನೋಡ್ದಾಗ ಏನನ್ನಿಸ್ತು ಗೊತ್ತಾ ಅಪ್ಪ?" ಎಂದಳು ನೀರಿನ ಕಡೆ ನೋಡುತ್ತಲೇ. "ಮೂರು ವರ್ಷದಿಂದ ನನಗೆ ಮಂಕು ಕವಿದಿತ್ತು ಅನ್ನಿಸ್ತು. ನೀನು ತಪ್ಪಿರಬಹುದು ಅಂತ ಒಂದು ಸಲಾನೂ ಹೊಳೀಲಿಲ್ಲ."

ಮಗಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡು ಈ ಕಡೆ ತಿರುಗಿದಳು.

"ಒಂದು ಕೇಳ್ತೀನಿ, ನಿಜ ಹೇಳ್ತೀಯಾ?"

"ಕೇಳು."

"ನಾನು ಐದನೇ ಕ್ಲಾಸಲ್ಲಿದ್ದಾಗ ಶಾಲೇಲಿ ಓಟದ ಪಂದ್ಯ ಆಯ್ತಲ್ಲ. ನಿನ್ನ ಕಣ್ಣು ಚುರುಕು ಅಂತ ಗೆರೆ ಹತ್ರ ತೀರ್ಪಿಗೆ ನಿನ್ನನ್ನೇ ಕರೆದು ನಿಲ್ಸಿದ್ರು. ಅಂಗಡಿಯವರ ಮಗಳು ಮೊದಲು, ನಾನು ಎರಡನೇದು ಅಂತ ನೀನೇ ಹೇಳಿದ್ದು. ನೆನಪಿದ್ಯಾ?"

"ನೆನಪಿದೆ."

"ಅವತ್ತು ನಾನೇ ಮೊದಲು ಬಂದಿದ್ದೆ, ಅಲ್ವಾ?"

ಮೇಷ್ಟ್ರು ತಲೆ ತಗ್ಗಿಸಿದರು. ಇಲ್ಲ ಎನ್ನುವುದು ಸುಲಭವಿತ್ತು, ಅವಳು ನಂಬಿಯೂಬಿಡುತ್ತಿದ್ದಳು.

"ಹೌದಮ್ಮ," ಎಂದರು. "ನೀನೇ ಮೊದಲು. ಅರ್ಧ ಮಾರು ಮುಂದಿದ್ದೆ."

"ಅರ್ಧ ಮಾರು," ಎಂದಳು ಮಗಳು ಮೆಲ್ಲಗೆ. ಆ ಪಂದ್ಯದ ಮೇಲೆ ಅವಳು ಮತ್ತೆ ಯಾವ ಓಟಕ್ಕೂ ಹೆಸರು ಕೊಟ್ಟಿರಲಿಲ್ಲ. ಯಾರು ಕೇಳಿದರೂ, ನನಗೆ ಓಡೋಕೆ ಬರಲ್ಲ ಎಂದು ನಗುತ್ತ ಹೇಳುತ್ತಿದ್ದಳು. ಅದನ್ನು ಮೇಷ್ಟ್ರು ಎಷ್ಟೋ ಸಲ ಅವಳ ಪಕ್ಕದಲ್ಲೇ ನಿಂತು ಕೇಳಿದ್ದರು.